ಪಾಲಿಶ್ ನಾನೇ ಮಾಡ್ಲಾ, ಅಂಗಡಿಗೆ ಕೊಡ್ಲಾ? (ಕಪ್ಪು ಐ20, 2017, ಸುರತ್ಕಲ್)

ಸುರತ್ಕಲ್‌ನವ

ಎಲ್ಲರಿಗೂ ನಮಸ್ಕಾರ. ಕಾರು 2017ರ ಐ20, ಬಣ್ಣ ಕಪ್ಪು. ತೆಗೆದುಕೊಳ್ಳುವಾಗ ಮನೆಯಲ್ಲಿ ಎಲ್ಲರೂ ಕಪ್ಪು ಬೇಡ ಅಂದಿದ್ದರು, ನಾನು ಕೇಳಲಿಲ್ಲ. ಈಗ ಬೆಳಗ್ಗಿನ ಬಿಸಿಲಿಗೆ ಬಾನೆಟ್ ನೋಡಿದರೆ ಜೇಡರ ಬಲೆ ಹಾಸಿದ ಹಾಗೆ ಸುತ್ತಸುತ್ತ ಗೀರು. ಕೈ ಸವರಿದರೆ ತರಿತರಿ, ಹೊಯ್ಗೆ (ಮರಳು) ಅಂಟಿದ ಹಾಗೆ. ಡಿಕ್ಕಿ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆಗಳು ಉಂಟು, ಎಷ್ಟು ತೊಳೆದರೂ ಹೋಗುವುದಿಲ್ಲ.

ಮೇ ತಿಂಗಳಲ್ಲಿ ತಂಗಿಯ ಮದುವೆ. ಮದುಮಗಳನ್ನು ಹಾಲ್‌ಗೆ ಕರೆದುಕೊಂಡು ಹೋಗುವುದು ಇದೇ ಕಾರಿನಲ್ಲಿ ಅಂತ ತೀರ್ಮಾನ ಆಗಿದೆ.

ಕಾರಿಗೆ ಹೊಳಪು ಕೊಡುವ ಒಂದು ಡಿಟೇಲಿಂಗ್ ಅಂಗಡಿಯಲ್ಲಿ ಕೇಳಿದೆ. ಪಾಲಿಶ್‌ಗೆ 7,500 ರೂಪಾಯಿ, "ಹೇಗೂ ಮಾಡಿಸುತ್ತೀರಲ್ಲ, ಪೇಂಟ್ ಮೇಲೆ ಸೆರಾಮಿಕ್ ಕೋಟಿಂಗ್ ಕೂಡ ಹಾಕಿಸಿಬಿಡಿ, 22,000ಕ್ಕೆ ಮಾಡಿಕೊಡುತ್ತೇವೆ" ಅಂದರು. ಮೆಷಿನ್, ಪ್ಯಾಡ್, ಎರಡು ಬಾಟಲಿ, ಬಟ್ಟೆ ಎಲ್ಲ ನಾನೇ ತಂದರೆ ಹತ್ತು ಸಾವಿರದ ಹತ್ತಿರ ಆಗುತ್ತದೆ. ಆದರೆ ಮೆಷಿನ್ ನನ್ನ ಬಳಿಯೇ ಉಳಿಯುತ್ತದಲ್ಲ ಅಂತ ಆಸೆ. ಭಾವ ಹೇಳುತ್ತಾರೆ, ಯೂಟ್ಯೂಬ್ ನೋಡಿ ಮಾಡಿದರೆ ಆಯ್ತು ಅಂತ. ಅವರ ಕಾರು ಬಿಳಿ.

ಗೋಳಿಬಜೆ

ನೀವೇ ಮಾಡಿ ಮಾರಾಯ್ರೆ, ಎಂತ ದೊಡ್ಡ ವಿಷಯ ಅದು. ನಾನು ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜುವ ಪೇಸ್ಟ್) ಡಬ್ಬಿ ತಂದು ಹಳೆ ಬನಿಯನ್ ಬಟ್ಟೆಯಲ್ಲಿ ಉಜ್ಜಿದ್ದೇನೆ. ಫಸ್ಟ್‌ಕ್ಲಾಸ್ ಹೊಳಪು. ಖರ್ಚು 200 ರೂಪಾಯಿ, ಮತ್ತೆ ಒಂದು ಬನಿಯನ್.

ಹಳೇ ಪೇಂಟರ್

ಬನಿಯನ್‌ನವರಿಗೆ ಒಂದು ನಮಸ್ಕಾರ. ನಿಮ್ಮ ಕಾರು ಯಾವ ಬಣ್ಣ ಅಂತ ಕೇಳುವುದಿಲ್ಲ.

ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷದ ಮೇಲೆ ಕೆಲಸ ಮಾಡಿದವ ನಾನು. ಒಂದು ವಿಷಯ ಮೊದಲು ತಲೆಗೆ ಹೋಗಬೇಕು. ಪಾಲಿಶ್ ಅಂದರೆ ಏನನ್ನೋ ಹಚ್ಚುವುದು ಅಂತ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ, ಅದು ಕೆರೆಯುವುದು. ಗೀರಿನ ಸುತ್ತಲಿನ ಪೇಂಟನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತೇವೆ, ಆಗ ಗೀರು ಕಾಣುವುದಿಲ್ಲ. ಅಷ್ಟೇ ಗುಟ್ಟು.

ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಕ್ಲಿಯರ್ ಕೋಟ್ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ 40-50 ಸಿಗಬಹುದು, ನಿಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಪಾಡುವುದು ಅದೇ. ಹಗುರ ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗುತ್ತದೆ. ಕಾಂಪೌಂಡ್ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಅದಕ್ಕಿಂತ ಜಾಸ್ತಿ. ಹೋದದ್ದು ಮತ್ತೆ ಬರುವುದಿಲ್ಲ, ಅದೇನು ಅಕ್ಷಯ ಪಾತ್ರೆ ಅಲ್ಲ. ಬಾನೆಟ್ಟಿನ ಗೆರೆ, ಡೋರಿನ ಅಂಚು, ಇಂಥ ಕಡೆ ಪೇಂಟ್ ಮೊದಲೇ ತೆಳು ಇರುತ್ತದೆ. ಮೆಷಿನ್ ಅಲ್ಲಿಯೇ ಹೆಚ್ಚು ಕಚ್ಚುತ್ತದೆ.

ಹಾಗಾಗಿ ನನಗೆ ಮೂರು ಉತ್ತರ ಬೇಕು. ಯಾವ ಪ್ಯಾನೆಲ್‌ಗೆ ಮೊದಲು ಪೇಂಟ್ ಆಗಿದೆ? ಗೀರಿನ ಮೇಲೆ ಉಗುರು ಅಡ್ಡ ಎಳೆದರೆ ಸಿಕ್ಕಿಹಾಕಿಕೊಳ್ಳುತ್ತದಾ? (ಸಿಕ್ಕಿದರೆ ಅದು ಪಾಲಿಶ್‌ಗೆ ಹೋಗುವುದಿಲ್ಲ, ಬಿಟ್ಟುಬಿಡಿ.) ಮತ್ತೆ, ದಿನಾ ಕಾರು ಒರೆಸುವುದು ಯಾರು?

ಸುರತ್ಕಲ್‌ನವ

ಮುಂದಿನ ಬಂಪರ್, ಎಡಗಡೆ ಮುಂದಿನ ಡೋರ್. 2021ರಲ್ಲಿ ಕೊಟ್ಟಾರ ಚೌಕಿಯಲ್ಲಿ ರಿಕ್ಷಾದವರು ಸ್ವಲ್ಪ "ಟಚ್" ಮಾಡಿದ್ದರು. ಉಗುರು ಎರಡು ಕಡೆ ಮಾತ್ರ ಸಿಕ್ಕಿತು, ಉಳಿದದ್ದು ಸುಮ್ನೆ ಮೇಲಿನ ಬಲೆ.

ಒರೆಸುವುದು ಅಪ್ಪ. ಬೆಳಗ್ಗೆ ಕಾಫಿ ಕುಡಿದು ಬೈರಾಸು (ಟವೆಲ್) ಹಿಡಿದು ಹೊರಡುತ್ತಾರೆ. ನಾನು ಏಳುವ ಮೊದಲೇ ಕಾರು ಲಕಲಕ.

ಹಳೇ ಪೇಂಟರ್

ಬೈರಾಸು ಚಂಡಿ (ಒದ್ದೆ) ಮಾಡುತ್ತಾರಾ?

ಸುರತ್ಕಲ್‌ನವ

ಇಲ್ಲ. ಒಣ ಬೈರಾಸು. ನಮ್ಮ ಮನೆಯಿಂದ ಸಮುದ್ರ ಹತ್ತಿರ, ರಾತ್ರಿಯಿಡೀ ಗಾಳಿಗೆ ಹೊಯ್ಗೆ ಬಂದು ಕೂರುತ್ತದೆ. ಅಯ್ಯೋ. ಈಗ ಅರ್ಥ ಆಯ್ತು.

ಹಳೇ ಪೇಂಟರ್

ಎಂಟು ವರ್ಷದಿಂದ ನಿಮ್ಮ ಅಪ್ಪ ದಿನಾ ಬೆಳಗ್ಗೆ ಸ್ಯಾಂಡ್‌ಪೇಪರ್ ಹಾಕುತ್ತಿದ್ದಾರೆ. ಪ್ರೀತಿಯಿಂದಲೇ ಹಾಕುತ್ತಿದ್ದಾರೆ, ಆದರೂ ಸ್ಯಾಂಡ್‌ಪೇಪರೇ.

ಗೋಳಿಬಜೆ

ಅಪ್ಪನಿಗೆ ಇದನ್ನು ಹೇಳುವವರು ಯಾರು? ಅದಕ್ಕೂ ಪ್ರೊಫೆಷನಲ್ ಬೇಕಾದೀತು.

ಮಣಿಪಾಲದ ಅಕ್ಕ

ಮೆಷಿನ್ ವಿಷಯ ಆಮೇಲೆ ನೋಡೋಣ. ಅಣ್ಣ, ನಿಮಗೆ ಎರಡು ಬೇರೆ ಬೇರೆ ತೊಂದರೆ ಉಂಟು, ನೀವು ಒಂದೇ ಅಂದುಕೊಂಡಿದ್ದೀರಿ. ಗೀರು ಪೇಂಟಿನ ಒಳಗೆ ಇರುವುದು. ತರಿತರಿ ಪೇಂಟಿನ ಮೇಲೆ ಇರುವುದು. ಎರಡನೆಯದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಕಾರು ತೊಳೆದು, ತೆಳು ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲ ಸವರಿ. ಬರಿ ಕೈಗೆ ಗೊತ್ತಾಗದ್ದೂ ಗೊತ್ತಾಗುತ್ತದೆ. ನಾನು ಮೊದಲ ಸಲ ಹಾಗೆ ಮಾಡಿದಾಗ ಚಿರೋಟಿ ರವೆ ಮೇಲೆ ಕೈಯಾಡಿಸಿದ ಹಾಗೆ ಅನಿಸಿತು. ಅದರಲ್ಲಿ ಹೆಚ್ಚಿನದು ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಟಾರು, ಮರದ ಮೇಣ. ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಅಂತ ಸಿಗುತ್ತದೆ. ಸ್ಪ್ರೇ ಮಾಡಿದ ಎರಡು ಮೂರು ನಿಮಿಷಕ್ಕೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ, ನೇರಳೆ ಹಣ್ಣು ತಿಂದು ಉಗುಳಿದ ಹಾಗೆ. ಒಣಗಲು ಬಿಡದೆ ತೊಳೆಯಿರಿ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ನಮ್ಮ ಪಕ್ಕದ ಮನೆಯವರು ಗ್ಯಾಸ್ ಲೀಕ್ ಅಂತ ಹೊರಗೆ ಬಂದಿದ್ದರು.

ಆಮೇಲೆ ಕ್ಲೇ. ಜೇಡಿಮಣ್ಣಿನ ಉಂಡೆಯ ಹಾಗೆ ಇರುತ್ತದೆ, ಚಪ್ಪಟೆ ಮಾಡಿಕೊಂಡು, ಶಾಂಪೂ ನೀರು ಧಾರಾಳ ಹಾಕಿ, ಒತ್ತದೆ ಜಾರಿಸಬೇಕು. ಕೈಯಿಂದ ನೆಲಕ್ಕೆ ಬಿತ್ತಾ? ಬಿಸಾಡಿ. ತೊಳೆದು ಮತ್ತೆ ಬಳಸಲೇಬೇಡಿ, ಒಂದು ಕಣ ಹೊಯ್ಗೆ ಸಾಕು.

ನೀರಿನ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒಂದು ನಿಮಿಷ ಇಟ್ಟು ತೊಳೆಯಿರಿ. ಬಿಸಿಲಿನಲ್ಲಿ ಬೇಡ. ಹೋಗದೆ ಉಳಿದರೆ ಅದು ಪೇಂಟನ್ನೇ ತಿಂದಿದೆ ಅಂತ ಲೆಕ್ಕ, ಆಗ ಮಾತ್ರ ಪಾಲಿಶ್.

ನಮ್ಮ ಕಾರು ಎರಡು ವರ್ಷ ಹಲಸಿನ ಮರದ ಕೆಳಗೆ ನಿಂತದ್ದು. ಮೇಣಕ್ಕೆ ಅತ್ತೆ ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರು, ಹಲಸಿನ ಹಣ್ಣು ಕೊಯ್ದ ಕೈಗೆ ಹಚ್ಚುತ್ತೇವಲ್ಲ ಹಾಗೆ. ಜಾರಿ ಬಂತು. ನಾನು 600 ರೂಪಾಯಿಯ ಬಾಟಲಿ ತರಿಸಿದ್ದೆ.

ಕೊಟ್ಟಾರದವ

ನನ್ನ ಕಥೆ ಕೇಳಿ, ಆಮೇಲೆ ಮೆಷಿನ್ ತನ್ನಿ.

ಗೆಳೆಯನ ಶೆಡ್ಡಿನಿಂದ ರೋಟರಿ ಬಫಿಂಗ್ ಮೆಷಿನ್ ತಂದಿದ್ದೆ, ಉಣ್ಣೆಯ ಪ್ಯಾಡಿನದ್ದು. ಅರ್ಧ ಬಾನೆಟ್ ಕನ್ನಡಿ ಆಯಿತು. ಕೊಬ್ಬು ಬಂತು. ಬಾನೆಟ್ ಮೇಲೆ ಉದ್ದಕ್ಕೆ ಒಂದು ಎದ್ದ ಗೆರೆ ಇರುತ್ತದಲ್ಲ, ಅದರ ಮೇಲೆ ಒಂದು ಗಳಿಗೆ, ನಿಜವಾಗಿ ಒಂದೇ ಗಳಿಗೆ, ಮೆಷಿನ್ ನಿಲ್ಲಿಸಿದೆ. ಹೆಂಡತಿ ಚಾ ತಂದಳು ಅಂತ ತಿರುಗಿದ್ದು. ಪ್ಯಾಡ್ ಎತ್ತಿ ನೋಡಿದರೆ ಬಿಳಿ ಉಣ್ಣೆಯಲ್ಲಿ ಕೆಂಪು. ನನ್ನ ಕಾರು ಕೆಂಪು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡಿಗೆ ಕಾರಿನ ಬಣ್ಣ ಬಂತು ಅಂದರೆ ಮುಗಿಯಿತು ಕಥೆ. ಗೆರೆಯ ಮೇಲೆ ಹಳೆ ನಾಲ್ಕಾಣೆಯಷ್ಟು ಅಗಲ ಬೂದು ಬಣ್ಣ ಕಾಣುತ್ತಿತ್ತು, ಪ್ರೈಮರ್.

ಬಾನೆಟ್ ಪೂರಾ ಪೇಂಟ್ ಮಾಡಿಸಬೇಕಾಯಿತು. 5,500. ಇವತ್ತಿಗೂ ಸಂಜೆ ಬೆಳಕಿನಲ್ಲಿ ಬಾನೆಟ್ ಒಂದು ಕೆಂಪು, ಡೋರ್ ಇನ್ನೊಂದು ಕೆಂಪು. ಚಾ ತಣ್ಣಗಾಗಿತ್ತು.

ಆಮೇಲೆ ಡಿಎ (ಡ್ಯುಯಲ್ ಆಕ್ಷನ್) ಮೆಷಿನ್ ತೆಗೆದುಕೊಂಡೆ. ಅದು ಸುತ್ತುತ್ತ ಅಲುಗುತ್ತದೆ ಕೂಡ, ಹಾಗಾಗಿ ಒಂದೇ ಕಡೆ ಬಿಸಿ ಕೂರುವುದು ಕಡಿಮೆ. ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದೇ ನಿಲ್ಲುತ್ತದೆ. ಕಲಿಯುವವರಿಗೆ ಅದೇ ಸರಿ. ಬೇಕಾದರೆ ನನ್ನದನ್ನು ಎರಡು ದಿನ ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗಿ. ಕಾರಿನ ಮೇಲೆ ಮಾತ್ರ ಮೊದಲೇ ಇಡಬೇಡಿ. ಗುಜರಿಯಿಂದ ಒಂದು ಹಳೆ ಬಾನೆಟ್ ತನ್ನಿ.

ಮಲ್ಪೆ ಗಾಳಿ

ಅಂಗಡಿಗೆ ಕೊಟ್ಟರೆ ಎಲ್ಲ ಸರಿಯಾಗುತ್ತದೆ ಅಂತಲೂ ತಿಳಿಯಬೇಡಿ. ನಾನು ಒಂದು ಕಡೆ ಕೊಟ್ಟಿದ್ದೆ, ಹೆಸರು ಬೇಡ. ಬೆಳಗ್ಗೆ ಹತ್ತಕ್ಕೆ ಕೊಟ್ಟೆ, ಮಧ್ಯಾಹ್ನ ಊಟಕ್ಕೆ ಮೊದಲು ರೆಡಿ. ನೋಡಿ ಖುಷಿಯಾಯಿತು, ಒಂದು ಗೀರು ಇಲ್ಲ. ಮೂರನೇ ಸಲ ತೊಳೆದಾಗ ಎಲ್ಲ ಗೀರು ವಾಪಸ್. ತೆಗೆದದ್ದೇ ಅಲ್ಲ, ಎಣ್ಣೆಯಂಥ ಫಿಲ್ಲರ್ ತುಂಬಿ ಮುಚ್ಚಿದ್ದು. ಅದರ ಮೇಲೆ ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಿಂತರೆ ಮಳೆಬಿಲ್ಲಿನ ಹಾಗೆ ಉದ್ದುದ್ದ ನೆರಳು ಓಡುತ್ತದೆ. ಹಾಲೋಗ್ರಾಂ ಅಂತಾರೆ, ರೋಟರಿ ಬಳಸಿ ಕೊನೆಯ ಹಂತ ಮಾಡದೆ ಬಿಟ್ಟದ್ದು.

ಈಗ ನಾನು ಕೇಳುವುದು ಇಷ್ಟು. ಪೇಂಟ್ ದಪ್ಪ ಅಳೆಯುವ ಮೀಟರ್ ಉಂಟಾ? ಕ್ಲೇ ಮಾಡುತ್ತೀರಾ? ಕಾರು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಪಾಲಿಶ್ ಆದ ಮೇಲೆ ಆಲ್ಕೋಹಾಲ್ ನೀರಿನಲ್ಲಿ ಒರೆಸಿ, ದೀಪ ಹಿಡಿದು ತೋರಿಸುತ್ತೀರಾ? ಕೊನೆಯ ಪ್ರಶ್ನೆಗೆ ಮುಖ ನೋಡಿ. ಅಲ್ಲೇ ಗೊತ್ತಾಗುತ್ತದೆ. ಒರೆಸಿದರೆ ಫಿಲ್ಲರ್ ಹೋಗಿ ನಿಜವಾದ ಪೇಂಟ್ ಕಾಣುತ್ತದಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದರೆ ಆ ನೀರು ಮುಂದಿನ ಗ್ಲಾಸಿಗೆ ಮಾತ್ರ ಅಲ್ಲ, ಬಾನೆಟ್ಟಿಗೂ ಬೀಳುತ್ತದೆ. ಉಪ್ಪು ನೀರು ಅದು. ಮನೆಗೆ ಬಂದು ಸುಮ್ನೆ ಪೈಪ್ ಹಿಡಿದು ಬಿಡಿ, ಒರೆಸಲೂ ಬೇಕಾಗಿಲ್ಲ.

ಗೋಳಿಬಜೆ

ಇಷ್ಟೆಲ್ಲ ಕಷ್ಟ ಯಾಕೆ, ಸೆರಾಮಿಕ್ ಹಾಕಿಸಿಬಿಡಿ. 9ಎಚ್ ಅಂತೆ, ಮೊಳೆಯಲ್ಲಿ ಗೀರಿದರೂ ಏನೂ ಆಗುವುದಿಲ್ಲ ಅಂತಾರೆ.

ಹಳೇ ಪೇಂಟರ್

9ಎಚ್ ಅನ್ನುವುದು ಪೆನ್ಸಿಲ್ ಲೆಕ್ಕ. ಶಾಲೆಯಲ್ಲಿ ಎಚ್‌ಬಿ, 2ಎಚ್ ಅಂತ ಇತ್ತಲ್ಲ, ಅದೇ ಸಾಲಿನ ಗಟ್ಟಿ ಪೆನ್ಸಿಲ್‌ನಲ್ಲಿ ಗೀರಿದರೂ ಗುರುತು ಬೀಳಲಿಲ್ಲ ಅಂತ ಅರ್ಥ. ವಜ್ರದ ಲೆಕ್ಕ ಬೇರೆ. ಮೊಳೆ ತೆಗೆದುಕೊಂಡು ಹೋಗಬೇಡಿ.

ಕೋಟಿಂಗ್ ಕೆಟ್ಟದ್ದಲ್ಲ. ನೀರು ಮಣಿಮಣಿಯಾಗಿ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ. ಆದರೆ ಗೀರು ತೆಗೆಯದೆ ಹಾಕಿದರೆ ಗೀರಿನ ಮೇಲೆ ಗಾಜು ಇಟ್ಟ ಹಾಗೆ. ಬೈರಾಸು ಮುಂದುವರಿದರೆ ಅದರ ಮೇಲೂ ಗೀರು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಇಲ್ಲಿ ಪೇಂಟ್ ಕಾಪಾಡಲು ಮೇಲೆ ಹಚ್ಚುವ ಒಂದು ಒಳ್ಳೆ ಸೀಲಂಟ್ ಅಥವಾ ವ್ಯಾಕ್ಸ್ ಮಳೆಗೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಕೈಯಲ್ಲೇ ಹಾಕಿದರೂ ಸಾಕು ಅಂತ ನನ್ನ ಅಭಿಪ್ರಾಯ.

ಬಿ.ಸಿ.ರೋಡಿನವ

ಹೆಡ್‌ಲೈಟ್ ಹಳದಿಯಾಗಿದ್ದರೂ ಇದೇ ಕಾಂಪೌಂಡ್ ಆಗುತ್ತದಾ?

ಹಳೇ ಪೇಂಟರ್

ಸ್ವಲ್ಪ ಹಳದಿಗೆ ಆಗುತ್ತದೆ. ಜಾಸ್ತಿ ಇದ್ದರೆ ಮೊದಲು ಸಣ್ಣ ಸ್ಯಾಂಡ್‌ಪೇಪರ್, ನೀರು ಹಾಕಿಕೊಂಡು. ಮೇಲೆ ಬಿಸಿಲು ತಡೆಯುವ ಕೋಟ್ ಹಾಕದಿದ್ದರೆ ಮತ್ತೆ ಹಳದಿ.

ಮೆಷಿನ್ ಹಿಡಿದವ

ನಾನು ಡಿಟೇಲಿಂಗ್ ಅಂಗಡಿಯಲ್ಲೇ ಕೆಲಸ ಮಾಡುವುದು. ಯಾವ ಅಂಗಡಿ ಅಂತ ಹೇಳುವುದಿಲ್ಲ, ಜಾಹೀರಾತು ಆದೀತು. ನಮ್ಮ ಪರವಾಗಿಯೂ ಎರಡು ಮಾತು.

7,500 ಕೇಳಿದರೆ ಜನರಿಗೆ ಜಾಸ್ತಿ ಅನಿಸುತ್ತದೆ. ಸರಿಯಾಗಿ ಮಾಡಿದರೆ ಅದು ಇಬ್ಬರ ಎರಡು ದಿನದ ಕೆಲಸ. ಎರಡು ಅಡಿ ಎರಡು ಅಡಿ ಜಾಗ ಹಿಡಿದು, ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಸಲ, ಒರೆಸಿ, ದೀಪ ಹಿಡಿದು ನೋಡಿ, ಮುಂದಕ್ಕೆ. ಆಮೇಲೆ ಪೂರಾ ಕಾರು ಮತ್ತೊಮ್ಮೆ ಸಣ್ಣ ಪಾಲಿಶ್‌ನಲ್ಲಿ. ಸೆಕೆಯಲ್ಲಿ ಕಾಂಪೌಂಡ್ ಬೇಗ ಒಣಗಿ ಧೂಳಾಗುತ್ತದೆ, ಅದು ಬೇರೆ. ಕಪ್ಪು ಕಾರು ಏನನ್ನೂ ಕ್ಷಮಿಸುವುದಿಲ್ಲ. ನಿಮ್ಮ ಭಾವನ ಬಿಳಿ ಕಾರಿನಲ್ಲಿ ಮುಚ್ಚಿಹೋಗುವ ತಪ್ಪು ನಿಮ್ಮದರಲ್ಲಿ ಎದ್ದು ಕಾಣುತ್ತದೆ.

ಬಿಳಿ ಅಥವಾ ಬೆಳ್ಳಿ ಬಣ್ಣ, ಪೇಂಟ್ ಆಗದ ಕಾರು, ಎರಡು ವಾರ ಬಿಡುವು, ಇಷ್ಟಿದ್ದರೆ ನೀವೇ ಮಾಡಿ ಅನ್ನುತ್ತಿದ್ದೆ. ನಿಮ್ಮದು ಕಪ್ಪು, ಎರಡು ಪ್ಯಾನೆಲ್ ರೀಪೇಂಟ್, ಮೇಲಿನಿಂದ ಮದುವೆ ತಾರೀಕು. ಬಂಪರ್ ಪ್ಲಾಸ್ಟಿಕ್, ಅದರ ಮೇಲೆ ನಮ್ಮ ಸಾಮಾನ್ಯ ಮೀಟರ್ ಕೂಡ ಓದುವುದಿಲ್ಲ, ಕೈ ಅಂದಾಜು ಬೇಕು. ಆದರೆ ತೊಳೆಯುವುದು, ಕ್ಲೇ ನೀವೇ ಮಾಡಿಕೊಂಡು ಹೋಗಿ "ಒಂದೇ ಹಂತದ ಪಾಲಿಶ್ ಸಾಕು, ನೂರರಲ್ಲಿ ಎಂಬತ್ತು ಭಾಗ ಗೀರು ಹೋದರೆ ನನಗೆ ಸಮಾಧಾನ" ಅಂತ ಹೇಳಿ. ರೇಟು ಇಳಿಯುತ್ತದೆ. ಪೇಂಟೂ ಉಳಿಯುತ್ತದೆ.

ಸುರತ್ಕಲ್‌ನವ (ಎರಡು ವಾರದ ನಂತರ)

ವರದಿ ಒಪ್ಪಿಸಬೇಕಲ್ಲ.

ಕಳೆದ ಆದಿತ್ಯವಾರ ಬೆಳಗ್ಗೆ ಆರಕ್ಕೆ ಶುರು ಮಾಡಿದೆ. ಅಕ್ಕ ಹೇಳಿದ ತೊಟ್ಟೆ, ನೇರಳೆ ನೀರು, ವಾಸನೆ, ಎಲ್ಲ ಆಯಿತು. ಎರಡು ಬಕೆಟ್ ಇಟ್ಟುಕೊಂಡಿದ್ದೆ, ಒಂದು ಶಾಂಪೂವಿಗೆ, ಒಂದು ಬಟ್ಟೆ ಜಾಲಾಡಲು. ಎರಡನೇ ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಹೊಯ್ಗೆ. ಅಪ್ಪನಿಗೆ ತೋರಿಸಿದೆ, ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕ್ಲೇ ಮುಗಿಯುವಾಗ ಹನ್ನೊಂದೂವರೆ, ಸೊಂಟ ನನ್ನದಲ್ಲ. ಕೈ ಸವರಿದರೆ ಗಾಜು. ನೀರಿನ ಕಲೆ ಮುಕ್ಕಾಲು ಹೋಯಿತು. ಆದರೆ ಕೊಳೆ ಹೋದ ಮೇಲೆ ಗೀರು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ!

ಕೊಟ್ಟಾರದ ಅಣ್ಣನ ಮೆಷಿನ್ ತಂದು, ಗುಜರಿಯಿಂದ 800 ರೂಪಾಯಿಗೆ ತಂದ ಬಾನೆಟ್ ಮೇಲೆ ಕಲಿತೆ. ಮೊದಲ ತಪ್ಪು, ಪ್ಯಾಡಿಗೆ ಕಾಂಪೌಂಡ್ ಹಾಕಿ ಗಾಳಿಯಲ್ಲೇ ಸ್ವಿಚ್ ಒತ್ತಿದ್ದು. ಅಂಗಳದಲ್ಲಿ ಅಮ್ಮ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಎರಡನೇ ತಪ್ಪು, ಅಂಚಿಗೆ ಟೇಪ್ ಹಾಕಲು ಉದಾಸೀನ ಮಾಡಿದ್ದು. ಕಾಲು ಗಂಟೆಯಲ್ಲಿ ಗುಜರಿ ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಹೋಯಿತು. ಡಿಎ ಇದ್ದೂ ಹೋಯಿತು. ಮಧ್ಯದಲ್ಲಿ ಮಾತ್ರ ಎರಡು ಅಡಿ ಜಾಗ ನಿಜಕ್ಕೂ ಚಂದ ಬಂತು, ಫೋಟೋ ಎಲ್ಲರಿಗೂ ಕಳಿಸಿದ್ದೇನೆ.

ಆ ಅಂಚು ನೋಡಿದ ಮೇಲೆ ಮದುವೆ ಕಾರಿನ ಮೇಲೆ ಕೈ ಇಡುವ ಧೈರ್ಯ ಬರಲಿಲ್ಲ. ಬೇರೆ ಅಂಗಡಿಗೆ ಹೋಗಿ ಮಲ್ಪೆಯವರ ಪ್ರಶ್ನೆಗಳನ್ನೇ ಕೇಳಿದೆ. ಮಾಲೀಕರು ನಕ್ಕು ಮೀಟರ್ ತಂದರು. ರೂಫ್ 108 ಮೈಕ್ರಾನ್, ಬಾನೆಟ್ 112, ಬಲ ಡೋರ್ 115, ಎಡ ಡೋರ್ 290. ರಿಕ್ಷಾದ ಕೃಪೆ. ತೊಳೆದು ಕ್ಲೇ ಮಾಡಿ ತಂದದ್ದಕ್ಕೆ 5,000ಕ್ಕೆ ಒಪ್ಪಿದರು. ಒಂದೂವರೆ ದಿನ ಇಟ್ಟುಕೊಂಡರು, ಒರೆಸಿ ದೀಪ ಹಿಡಿದು ತೋರಿಸಿದರು. ಉಗುರು ಸಿಕ್ಕಿದ ಎರಡು ಗೀರು ಹಾಗೇ ಉಂಟು. ಸೀಲಂಟ್ ನಾನೇ ಹಾಕಿದೆ. ಮೆಷಿನ್ ವಾಪಸ್ ಕೊಟ್ಟಾಗಿದೆ, ಮಳೆ ಬಿಟ್ಟ ಮೇಲೆ ಭಾವನ ಬಿಳಿ ಕಾರಿನ ಮೇಲೆ ಕಲಿಯುತ್ತೇನೆ. ಅವರಿಗೆ ಇನ್ನೂ ಹೇಳಿಲ್ಲ.

ಮಣಿಪಾಲದ ಅಕ್ಕ

ಚಂದ ಆಯಿತು. ಹೂವಿನವರಿಗೆ ಹೇಳಿ, ಬಾನೆಟ್ಟಿಗೆ ಟೇಪ್ ಅಂಟಿಸುವುದು ಬೇಡ, ರಿಬ್ಬನ್ ಕಟ್ಟಿ ಅಂತ. ಬಿಸಿಲಿಗೆ ನಿಂತರೆ ಟೇಪಿನ ಅಂಟು ಬಿಡುವುದಿಲ್ಲ. ಅದೂ ರೀಪೇಂಟ್ ಆದ ಬಂಪರ್ ಮೇಲೆ ಬೇಡವೇ ಬೇಡ.

ಹಳೇ ಪೇಂಟರ್

112 ಅಂದರೆ ಒಳ್ಳೆಯದು. ಆ ನಂಬರುಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ಸಲ ಬೇಕಾಗುತ್ತದೆ. ಬೈರಾಸಿನ ಕಥೆ ಏನಾಯಿತು?

ಸುರತ್ಕಲ್‌ನವ (ಜೂನ್)

ಮದುವೆ ಮುಗಿಯಿತು, ಪತ್ತನಾಜೆಯೂ (ತುಳುವರ ಬೇಶ ತಿಂಗಳ ಹತ್ತನೇ ದಿನ) ಕಳೆಯಿತು, ಮಳೆ ಹಿಡಿದಿದೆ. ಬಾನೆಟ್ ಮೇಲೆ ನೀರು ನಿಲ್ಲುವುದಿಲ್ಲ, ಕೆಸುವಿನ ಎಲೆಯ ಹಾಗೆ.

ಬೈರಾಸನ್ನು ಅಮ್ಮ ಕತ್ತರಿಸಿ ಅಡುಗೆಮನೆಗೆ ಮಸಿಬಟ್ಟೆ ಮಾಡಿದರು. ಅಪ್ಪ ಎರಡು ದಿನ ಮಾತಾಡಲಿಲ್ಲ. ನಾನು ಕಿತ್ತಳೆ ಬಣ್ಣದ ಮೈಕ್ರೋಫೈಬರ್ ಬಟ್ಟೆ ನಾಲ್ಕು ತಂದುಕೊಟ್ಟು, "ಮೊದಲು ನೀರು ಹಾಕಿ ಅಪ್ಪ, ಆಮೇಲೆ ಒತ್ತದೆ ಎಳೆಯಿರಿ" ಅಂದೆ. "ನಿನ್ನ ಕಾರು ನೀನೇ ನೋಡಿಕೋ" ಅಂದರು. ಈಗ ಅದೇ ಬಟ್ಟೆಯಲ್ಲಿ ಅವರ ಸ್ಕೂಟರ್ ಒರೆಸುತ್ತಾರೆ. ಕಾರಿನ ಹತ್ತಿರ ಕೊಡೆ ಹಿಡಿದು ನಿಂತು ನೀರು ಜಾರುವುದನ್ನು ನೋಡುತ್ತಾರೆ, ನಾನು ಕಿಟಕಿಯಿಂದ ನೋಡಿದ್ದೇನೆ.

ಗೋಳಿಬಜೆ

ಅದೆಲ್ಲ ಇರಲಿ, ಹಪ್ಪಳ ಉಳಿಯಿತಾ?

ಸುರತ್ಕಲ್‌ನವ

ಹದಿನೇಳು ಬಿಸಾಡಿದೆವು. ಅಮ್ಮ ಲೆಕ್ಕ ಇಟ್ಟಿದ್ದಾರೆ.